ಝಡ್‌ಝಡ್ ರಾಣಿ, ಎಡಗೊಂಬಿನ ಗೌರಿ

ಮೈಸೂರಿನ ನಮ್ಮ ಪಶುಚಿಕಿತ್ಸಾಲಯದ ದಾಖಲೆಗಳು ಇತ್ತೀಚಿನವರೆಗೂ ಫಾಕ್ಸ್‌ಪ್ರೋದಲ್ಲಿದ್ದವು. ಈ ಹೆಸರು ಕೇಳಿದೊಡನೆ ಮುಗುಳ್ನಗುವವರಿಗೆ ನಲವತ್ತು ದಾಟಿರುತ್ತದೆ. ಉಳಿದವರಿಗೆ ಇಷ್ಟು ಹೇಳಿದರೆ ಸಾಕು: ಒಂದು ಕಾಲಕ್ಕೆ ಔಷಧಿ ಅಂಗಡಿ, ಸಹಕಾರ ಸಂಘ, ಅಕ್ಕಿ ಗಿರಣಿಗಳ ಲೆಕ್ಕವನ್ನೆಲ್ಲ ಹೊತ್ತಿದ್ದ ಡೇಟಾಬೇಸ್ ಅದು. ಮೈಕ್ರೋಸಾಫ್ಟ್ 2004ರಲ್ಲಿ ವಿಷುಯಲ್ ಫಾಕ್ಸ್‌ಪ್ರೋದ ಒಂಬತ್ತನೆಯ ಆವೃತ್ತಿಯನ್ನು ತಂದಿತು, 2007ರಲ್ಲಿ ಹತ್ತನೆಯದು ಬರುವುದಿಲ್ಲ ಎಂದಿತು, 2015ರ ಜನವರಿಯಲ್ಲಿ ಬೆಂಬಲವನ್ನೂ ನಿಲ್ಲಿಸಿತು. ನಮ್ಮ ಕೌಂಟರಿನ ಕಂಪ್ಯೂಟರಿಗೆ ಈ ಸುದ್ದಿ ತಲುಪಲೇ ಇಲ್ಲ. ಬೆಳಿಗ್ಗೆ ಗುಂಡಿ ಒತ್ತಿದರೆ ತೆರೆದುಕೊಳ್ಳುತ್ತಿತ್ತು, ನಾಯಿಯ ಹೆಸರು ಹೊಡೆದರೆ ಕಣ್ಣು ಮಿಟುಕಿಸುವುದರೊಳಗೆ ಕಾರ್ಡು ಎದುರಿಗೆ ಬರುತ್ತಿತ್ತು. ಹೊಸ ತಂತ್ರಾಂಶ ಅದನ್ನೇ ಇಂಟರ್ನೆಟ್ಟಿನ ಮೂಲಕ ತರುವಷ್ಟರಲ್ಲಿ ನಾಯಿ ಮೇಜಿನಿಂದ ಇಳಿದಿರುತ್ತದೆ. ಆ ಮಾತು ಬೇರೆ.

ಆದರೂ ಬದಲಾಯಿಸಲೇಬೇಕಾಗಿತ್ತು. ಆ ಪ್ರೋಗ್ರಾಂ ಬರೆದುಕೊಟ್ಟವರು ಊರು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಬ್ಯಾಕಪ್ ಎಂದರೆ ಪ್ರತಿ ಶನಿವಾರ ಕೌಂಟರಿನ ಅಕ್ಕ ಪೆನ್‌ಡ್ರೈವಿಗೆ ಹಾಕಿಕೊಳ್ಳುತ್ತಿದ್ದ ನಕಲು. ಅದು ಅವರ ಕೈಚೀಲದಲ್ಲಿ ಮನೆಗೆ ಹೋಗಿ ಬರುತ್ತಿತ್ತು. ಈಗ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ನಾಯಿಯ ಜ್ವರ ಆ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ನಿಜ, ಆದರೆ ಯಜಮಾನರ ಹೆಸರು, ಫೋನು, ವಿಳಾಸ ಕೈಚೀಲದಲ್ಲಿ ಕುಳಿತು ಸಿಟಿ ಬಸ್ ಹತ್ತುವುದು ಇನ್ನು ಸರಿಯಲ್ಲ. ಜೊತೆಗೆ, ಲಸಿಕೆಯ ದಿನವನ್ನು ಮೊಬೈಲಿಗೆ ನೆನಪಿಸುವ ಸೌಲಭ್ಯ ಯಾಕಿಲ್ಲ ಎಂದು ಜನ ಕೇಳಲಾರಂಭಿಸಿದ್ದರು.

ಹೊಸ ಕಂಪನಿಯವರು ಒಂದು ಎಕ್ಸೆಲ್ ಹಾಳೆ ಕಳಿಸಿದರು. ಎಡಗಡೆ ಅವರ ಕಾಲಂಗಳ ಹೆಸರು. ಬಲಗಡೆ, ನಮ್ಮ ಹಳೆಯ ಪಟ್ಟಿಯ ಯಾವ ಕಾಲಂ ಅದಕ್ಕೆ ಸರಿಹೊಂದುತ್ತದೆ ಎಂದು ನಾವು ತುಂಬಬೇಕು. ಶನಿವಾರ ರಾತ್ರಿ ಕೊಟ್ಟರೆ ಸೋಮವಾರ ಬೆಳಿಗ್ಗೆ ಎಲ್ಲವೂ ಹೊಸದರಲ್ಲಿ ಇರುತ್ತದೆ ಎಂಬುದು ಅವರ ಭರವಸೆ. ಮೊದಲ ಸಾಲಿನಲ್ಲೇ ಗಾಡಿ ನಿಂತಿತು. ಮಾಲೀಕರ ಮೊದಲ ಹೆಸರು ಒಂದು ಕಾಲಂ, ಕೊನೆಯ ಹೆಸರು ಇನ್ನೊಂದು, ಎರಡೂ ಕಡ್ಡಾಯ. ನಮ್ಮ ಕಡೆಯ ಅರ್ಧ ಜನಕ್ಕೆ ಕೊನೆಯ ಹೆಸರೇ ಇಲ್ಲ. ಇರುವುದು ತಂದೆಯ ಮತ್ತು ಊರಿನ ಮೊದಲಕ್ಷರ. ಎಷ್ಟೋ ಕಾರ್ಡುಗಳಲ್ಲಿ ಅದೂ ಇಲ್ಲದೆ 'ಬ್ರೂನೋ ಅಮ್ಮ', 'ಡೈರಿ ಪಕ್ಕದ ಮೇಷ್ಟ್ರು' ಎಂದಿತ್ತು. ಕೊನೆಯ ಹೆಸರಿನ ಜಾಗಕ್ಕೆ ಒಂದು ಚುಕ್ಕೆ ಇಟ್ಟು ಮುಂದೆ ಹೋದೆವು. ದೇಶದ ಅದೆಷ್ಟು ಡೇಟಾಬೇಸುಗಳಲ್ಲಿ ಕನ್ನಡಿಗರ ಕುಲನಾಮ ಚುಕ್ಕೆಯೋ!

ಕಾಲಂಗಳ ಹೊಂದಾಣಿಕೆ ಸುಲಭದ ಪಾಲು. ಹಿರಿಯ ವೈದ್ಯರು ಇಪ್ಪತ್ತಕ್ಕೂ ಹೆಚ್ಚು ವರ್ಷ ಈ ಕಂಪ್ಯೂಟರಿನ ಮುಂದೆ ಕುಳಿತು ಬರೆದಿದ್ದರಲ್ಲಿ, ನನಗೆ ನಿಜಕ್ಕೂ ಬೇಕಾದದ್ದು ಯಾವ ಕಾಲಂನಲ್ಲೂ ಇರಲಿಲ್ಲ. ಅದೆಲ್ಲ ಕೊನೆಯ 'ಟಿಪ್ಪಣಿ' ಪೆಟ್ಟಿಗೆಯಲ್ಲಿತ್ತು. 'ಯಜಮಾನರ ಕೈಯಲ್ಲಿ ಸುಮ್ಮನಿರುತ್ತದೆ, ಮಗ ಹಿಡಿದರೆ ಕಚ್ಚುತ್ತದೆ.' 'ಒಳಗೆ ಬರುವುದಿಲ್ಲ, ಮೆಟ್ಟಿಲ ಬಳಿಯೇ ಇಂಜೆಕ್ಷನ್.' 'ಮೆಲಾಕ್ಸಿಕಾಂ ಕೊಟ್ಟಾಗ ವಾಂತಿ, ಇನ್ನು ಬೇಡ.' 'ಕೋಲಿ, ಐವರ್ಮೆಕ್ಟಿನ್ ಮುಟ್ಟಬೇಡಿ.' ಕೊನೆಯದು ಬರೀ ಎಚ್ಚರಿಕೆಯ ಮಾತಲ್ಲ: ಕೋಲಿ ಜಾತಿಯ ಎಷ್ಟೋ ನಾಯಿಗಳಲ್ಲಿ ಒಂದು ಜೀನಿನ ಮಾರ್ಪಾಡಿನಿಂದ ಆ ಔಷಧಿ ಮಿದುಳಿಗೆ ನುಗ್ಗಿ ವಿಷವಾಗುತ್ತದೆ. ಕಂಪನಿಯ ಹಾಳೆಯಲ್ಲಿ ಟಿಪ್ಪಣಿಯ ಎದುರು 'ಐಚ್ಛಿಕ' ಎಂದಿತ್ತು.

ಅದು ಐಚ್ಛಿಕ ಎಂದವರೇ ಅದನ್ನು ಬಿಟ್ಟೂ ಹೋಗಿದ್ದರು. ಫಾಕ್ಸ್‌ಪ್ರೋದಲ್ಲಿ ಉದ್ದದ ಟಿಪ್ಪಣಿಗಳು ಮುಖ್ಯ ಫೈಲಿನಲ್ಲಿ ಇರುವುದಿಲ್ಲ. ಡಿಬಿಎಫ್ ಎಂಬ ಫೈಲಿನಲ್ಲಿ ಹೆಸರು, ದಿನಾಂಕ, ತೂಕ. ಪಕ್ಕದಲ್ಲೇ ಅದೇ ಹೆಸರಿನ ಎಫ್‌ಪಿಟಿ ಎಂಬ ಇನ್ನೊಂದು ಫೈಲು, ಟಿಪ್ಪಣಿ ಇರುವುದು ಅದರಲ್ಲಿ. ಮೊದಲ ಪರೀಕ್ಷಾ ಪ್ರತಿಯನ್ನು ಅವರು ಡಿಬಿಎಫ್‌ಗಳಿಂದ ಮಾತ್ರ ಮಾಡಿ ಕಳಿಸಿದ್ದರು. ಕಾರ್ಡುಗಳೆಲ್ಲ ಬಂದಿದ್ದವು, ಎಣಿಕೆ ತಾಳೆಯಾಗಿತ್ತು, ವರದಿಯ ತುಂಬ ಹಸಿರು ಟಿಕ್. ಟಿಪ್ಪಣಿ ಮಾತ್ರ ಎಲ್ಲ ಕಾರ್ಡಿನಲ್ಲೂ ಖಾಲಿ. ಎಣಿಕೆಯೊಂದನ್ನೇ ನೋಡಿ ಸಹಿ ಹಾಕುವವರಿಗೆ ಈ ಖಾಲಿ ಕಾಣುವುದೇ ಇಲ್ಲ.

ಎಫ್‌ಪಿಟಿ ತಂದ ಮೇಲೆ ನಿಜವಾದ ರಗಳೆ ಶುರುವಾಯಿತು. ಟಿಪ್ಪಣಿಗಳು ನುಡಿಯಲ್ಲಿದ್ದವು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ ಅಕ್ಷರಗಳು, ಇಂದು ಎಲ್ಲ ಕಂಪ್ಯೂಟರುಗಳೂ ಒಪ್ಪುವ ಯೂನಿಕೋಡ್ ಸಂಕೇತಗಳಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ತಲೆಯ ಮೇಲೆ ಗೀಟು ಹೊತ್ತ 'ಎ'ಗಳ ಸಂತೆ. 'ಕನ್ನಡ' ಎಂದು ಬರೆದ ಕಡೆ ನಡುವೆ ಬ್ರಿಟಿಷ್ ಪೌಂಡಿನ ಚಿಹ್ನೆ ಇಣುಕುತ್ತದೆ, ಏಕೆಂದರೆ ಆ ಫಾಂಟಿನಲ್ಲಿ 'ನ' ಅಕ್ಷರದ ಮನೆ ಅದು. ಕಂಪನಿಯ ಹುಡುಗ ಇದನ್ನು ನೋಡಿ ಫೈಲು ಕೆಟ್ಟಿದೆ ಎಂದು ಬರೆದ. ಪಾಪ, ಅವನು ಹುಟ್ಟುವ ಹೊತ್ತಿಗೆ ಬರೆದ ಟಿಪ್ಪಣಿಗಳು ಅವು.

ನುಡಿಯಿಂದ ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕಗಳು ಸಿಗುತ್ತವೆ. ಆದರೆ ಪಶುವೈದ್ಯರ ಬರಹಕ್ಕೆ ಅವುಗಳನ್ನು ಮಾಡಿಲ್ಲ. ನಮ್ಮ ಹಿರಿಯರು ಒಂದೇ ಸಾಲಿನಲ್ಲಿ ಔಷಧಿಯ ಹೆಸರನ್ನು ಇಂಗ್ಲಿಷಿನಲ್ಲೂ ಉಳಿದದ್ದನ್ನು ಕನ್ನಡದಲ್ಲೂ ಬರೆಯುತ್ತಿದ್ದರು. ಟಿಪ್ಪಣಿಯ ಪೆಟ್ಟಿಗೆ ಫಾಂಟಿನ ಗುರುತನ್ನು ಇಟ್ಟುಕೊಳ್ಳುವುದಿಲ್ಲವಾದ್ದರಿಂದ ಪರಿವರ್ತಕಕ್ಕೆ ಎರಡೂ ಒಂದೇ. ಇಂಗ್ಲಿಷಿನ ಔಷಧಿಯನ್ನೂ ಕನ್ನಡವೆಂದೇ ತಿಳಿದು ಉಚ್ಚರಿಸಲಾಗದ ಒತ್ತಕ್ಷರಗಳ ಮುದ್ದೆ ಮಾಡಿ ಕೊಟ್ಟಿತು. ಕೊನೆಗೆ ಒಂದು ಉಪಾಯ ಹೊಳೆಯಿತು. ನುಡಿಯ ಬಹುಪಾಲು ಕನ್ನಡ ಪದಗಳಲ್ಲಿ ಆ ಗೀಟಿನ 'ಎ'ಯೋ ಪೌಂಡೋ, ಅಂಥ ಒಂದು ಚಿಹ್ನೆ ಇದ್ದೇ ಇರುತ್ತದೆ. ಶುದ್ಧ ಇಂಗ್ಲಿಷ್ ಪದದಲ್ಲಿ ಇರುವುದಿಲ್ಲ. ಪದಪದವಾಗಿ ಬಿಡಿಸಿ, ಚಿಹ್ನೆ ಇದ್ದದ್ದನ್ನು ಮಾತ್ರ ಪರಿವರ್ತಿಸಿದೆವು. ತಪ್ಪಿಸಿಕೊಂಡ ಪುಟ್ಟ ಪದಗಳನ್ನು ಕೌಂಟರಿನ ಅಕ್ಕ ಮಧ್ಯಾಹ್ನದ ಬಿಡುವಿನಲ್ಲಿ ಕೈಯಿಂದ ತಿದ್ದಿದರು.

ಇಷ್ಟಾದ ಮೇಲೂ ಅರ್ಕಾವತ್ತು ಬಿಡಲಿಲ್ಲ. ನುಡಿಯ ಹಳೆಯ ಕ್ರಮದಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಕಾಗದದ ಮೇಲೆ ಬರೆಯುವಂತೆಯೇ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ, ರಕಾರ ಮೊದಲು. ಪರಿವರ್ತಕ ಅದನ್ನು ಸ್ಥಳಾಂತರಿಸದಿದ್ದರೆ 'ಗರ್ಭ' ಹೋಗಿ 'ಗಭರ್' ಆಗುತ್ತದೆ. ಹಸುಗಳ ಕಾರ್ಡಿನಲ್ಲಿ ಅತಿ ಹೆಚ್ಚು ಬಾರಿ ಬರುವ ಪದವೇ ಅದು. 2022ರಲ್ಲಿ ರಾಜ್ಯದಲ್ಲಿ ಚರ್ಮಗಂಟು ರೋಗ ಹಬ್ಬಿದಾಗಿನ ಟಿಪ್ಪಣಿಗಳೆಲ್ಲ 'ಚಮರ್ಗಂಟು' ಆಗಿ ಬಂದವು. ಓದುವವರಿಗೆ ಅರ್ಥವಾದೀತು, ಆದರೆ ಹೊಸ ತಂತ್ರಾಂಶದಲ್ಲಿ 'ಚರ್ಮಗಂಟು' ಎಂದು ಹುಡುಕಿದರೆ ಒಂದು ಹಸುವೂ ಸಿಗುವುದಿಲ್ಲ. ನಾಳೆ ಯಾವ ಹಳ್ಳಿಯಲ್ಲಿ ಆಗ ಎಷ್ಟು ದನಗಳಿಗೆ ಬಂದಿತ್ತು ಎಂದು ಯಾರಾದರೂ ಕೇಳಿದರೆ ಸೊನ್ನೆ ಎಂದು ಉತ್ತರ ಬರುತ್ತದೆ. ದಾಖಲೆ ಕಳೆದುಹೋದರೆ ಕನಿಷ್ಠ ಕಳೆದುಹೋಗಿದೆ ಎಂದಾದರೂ ತಿಳಿಯುತ್ತದೆ. ಇದು ಇದ್ದೂ ಇಲ್ಲದ ಸ್ಥಿತಿ.

ಈಗ ರಾಣಿಯ ವಿಷಯ. ಹಳೆಯ ಪ್ರೋಗ್ರಾಂನಲ್ಲಿ ಪ್ರಾಣಿ ಸತ್ತಿದೆ ಎಂದು ಗುರುತಿಸಲು ಜಾಗವೇ ಇರಲಿಲ್ಲ. ಬರೆದವರಿಗೆ ತೋಚಿರಲಿಕ್ಕಿಲ್ಲ, ಆಗ ಚಿಕಿತ್ಸಾಲಯವೂ ಹೊಸದು. ಮುಂದೆ ನಾಯಿಗಳು ಸಾಯತೊಡಗಿದಾಗ ಹಿರಿಯರು ತಮ್ಮದೇ ದಾರಿ ಕಂಡುಕೊಂಡರು: ಹೆಸರಿನ ಆರಂಭಕ್ಕೆ ಇಂಗ್ಲಿಷಿನ ಎರಡು ಝಡ್ ಸೇರಿಸುವುದು. ಪಟ್ಟಿ ಅಕಾರಾದಿಯಲ್ಲಿರುವುದರಿಂದ ಸತ್ತವು ತಾವಾಗಿಯೇ ಕೆಳಕ್ಕೆ ಇಳಿಯುತ್ತವೆ, ಬದುಕಿರುವವು ಮೇಲಿರುತ್ತವೆ. ಝಡ್‌ಝಡ್ ರಾಣಿ, ಝಡ್‌ಝಡ್ ಟಾಮಿ, ಝಡ್‌ಝಡ್ ರಾಕಿ. ಆಮೇಲೆ ಕೇಳಿದರೆ ಬೇರೆ ಚಿಕಿತ್ಸಾಲಯಗಳಲ್ಲೂ ಇದೇ ಪದ್ಧತಿ ಇತ್ತಂತೆ. ಒಬ್ಬರಿಗೊಬ್ಬರು ಹೇಳಿಕೊಟ್ಟದ್ದಲ್ಲ, ಪಟ್ಟಿಯೇ ಹೇಳಿಕೊಟ್ಟದ್ದು. ಹೊಸ ತಂತ್ರಾಂಶಕ್ಕೆ ಝಡ್‌ಝಡ್ ರಾಣಿ ಎಂಬುದು ಒಂಬತ್ತು ವರ್ಷದಿಂದ ಲಸಿಕೆ ತಪ್ಪಿಸಿಕೊಂಡಿರುವ ಒಂದು ನಾಯಿ, ಅಷ್ಟೇ.

ನನ್ನ ಸಹಪಾಠಿಯೊಬ್ಬಳು ಕೆಲಸ ಮಾಡುವ ಕಡೆ ಇದೇ ಆಯಿತು. ತಂತ್ರಾಂಶ ಬದಲಾದ ವಾರದಲ್ಲೇ ಹಳೆಯ ಗ್ರಾಹಕರಿಗೆಲ್ಲ ಸಂದೇಶ ಹೋಯಿತು: ನಿಮ್ಮ ಮುದ್ದಿನ ಗೆಳೆಯನಿಗೆ ಹುಟ್ಟುಹಬ್ಬದ ಶುಭಾಶಯಗಳು, ರೇಬಿಸ್ ಲಸಿಕೆಯ ದಿನ ಮೀರಿದೆ, ಬೇಗ ಕರೆತನ್ನಿ. ಹಿತ್ತಲಲ್ಲಿ ಮಣ್ಣು ಮಾಡಿದ ನಾಯಿಗೆ ಶುಭಾಶಯ ಬಂದರೆ ಮನೆಯವರಿಗೆ ಹೇಗನ್ನಿಸಬೇಡ? ಫೋನು ಎತ್ತಿಕೊಂಡು ಬೈದವರು ಪರವಾಗಿಲ್ಲ, ಅತ್ತವರಿಗೆ ಏನು ಹೇಳುವುದೋ ತಿಳಿಯಲಿಲ್ಲ ಎಂದು ಅವಳು ಹೇಳಿದಳು. ಆ ಮಾತು ಕೇಳಿದ ಮೇಲೆ ನಮ್ಮಲ್ಲಿ ಒಂದು ನಿಯಮ ಮಾಡಿಕೊಂಡೆವು: ಸಂದೇಶ ಕಳಿಸುವ ಭಾಗವನ್ನು ಎಲ್ಲಕ್ಕಿಂತ ಕೊನೆಗೆ, ಪಟ್ಟಿಯನ್ನು ಮನುಷ್ಯರು ಓದಿದ ಮೇಲೆಯೇ ತೆರೆಯುವುದು.

ಝಡ್‌ಝಡ್‌ಗಳನ್ನು ಹುಡುಕಿ 'ಮೃತ' ಎಂದು ಗುರುತಿಸುವುದು ಕಷ್ಟವಾಗಲಿಲ್ಲ. ಆದರೆ ಫಾಕ್ಸ್‌ಪ್ರೋದಲ್ಲಿ ಸತ್ತವರಿಗಿಂತ ಹಠಮಾರಿಗಳು ಅಳಿಸಿಹೋದವರು. ಅಲ್ಲಿ ಒಂದು ದಾಖಲೆಯನ್ನು ಅಳಿಸಿದರೆ ಅದು ಹೋಗುವುದಿಲ್ಲ. ಸಾಲಿನ ಮೊದಲ ಜಾಗದಲ್ಲಿ ಒಂದು ನಕ್ಷತ್ರದ ಗುರುತು ಬೀಳುತ್ತದೆ, ಅಷ್ಟೇ. ಪ್ಯಾಕ್ ಎಂಬ ಆಜ್ಞೆ ಕೊಡುವವರೆಗೂ ಅದು ಪರದೆಯ ಹಿಂದೆ ಇದ್ದೇ ಇರುತ್ತದೆ. ನಮ್ಮಲ್ಲಿ ಆ ಆಜ್ಞೆಯನ್ನು ಕೊಟ್ಟವರೇ ಇಲ್ಲ. ಕಂಪನಿಯ ಉಪಕರಣ ನಕ್ಷತ್ರವನ್ನು ಲೆಕ್ಕಿಸದೆ ಎಲ್ಲವನ್ನೂ ಎಳೆದುಕೊಂಡಾಗ, ಅಕ್ಕ ವರ್ಷಗಟ್ಟಲೆ ಅಳಿಸಿದ್ದ ಜೋಡಿ ಕಾರ್ಡುಗಳು, ಊರು ಬಿಟ್ಟವರು, ಬೆರಳು ತಪ್ಪಿ ಹುಟ್ಟಿದ 'ಲ್ಯಾಬ್ರಡಾರ್' ಎಂಬ ಹೆಸರಿನ ಮಾಲೀಕರು ಎಲ್ಲರೂ ವಾಪಸ್ಸು ಬಂದರು.

ಮೂರು ವರ್ಷದಿಂದ ಬಾರದ ಪ್ರಾಣಿಗಳನ್ನು ತರುವುದೇ ಬೇಡ ಎಂಬುದು ಕಂಪನಿಯವರ ಸಲಹೆ. ನಾನು ಒಪ್ಪಲಿಲ್ಲ. ಹತ್ತು ವರ್ಷ ಒಂದು ನಾಯಿಯನ್ನು ಸಾಕಿದವರು ಅದು ಹೋದ ಮೇಲೆ ಸ್ವಲ್ಪ ಕಾಲ ಇತ್ತ ಸುಳಿಯುವುದಿಲ್ಲ. ಆಮೇಲೊಂದು ದಿನ ಮರಿಯೊಂದನ್ನು ಎತ್ತಿಕೊಂಡು ಬಂದು, 'ನಮ್ಮ ರಾಣಿಗೆ ಕೊನೆಗೆ ಏನಾಗಿತ್ತು ಮೇಡಂ? ಅದರ ತಂಗಿಯ ಮೊಮ್ಮಗಳು ಇದು' ಎನ್ನುತ್ತಾರೆ. ಆ ಪ್ರಶ್ನೆಗೆ ನನ್ನ ಬಳಿ ಉತ್ತರ ಇರಬೇಕು.

ಸಂಖ್ಯೆಗಳ ಗೋಳನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದರ ಬಹುಪಾಲು ಅಪರಾಧಿ ಎಕ್ಸೆಲ್ ಒಂದೇ. ನಾಯಿಯ ಚರ್ಮದಡಿ ಇಡುವ ಮೈಕ್ರೋಚಿಪ್ಪಿನ ಸಂಖ್ಯೆಗೆ 15 ಅಂಕಿ. ದನದ ಹಳದಿ ಕಿವಿಯೋಲೆಗೆ 12 ಅಂಕಿ. ಸಿಎಸ್‌ವಿ ಎಂಬ ಸಾದಾ ಪಟ್ಟಿಯ ಫೈಲನ್ನು ಎಕ್ಸೆಲ್‌ನಲ್ಲಿ ಸುಮ್ಮನೆ ತೆರೆದರೆ ಎರಡನ್ನೂ ಅದು ವಿಜ್ಞಾನದ ಸಂಖ್ಯೆಯೆಂದು ಭಾವಿಸಿ ದಶಮಾಂಶ ಹಾಕಿ ಮೊಟಕಾಗಿ ತೋರಿಸುತ್ತದೆ, ಹಾಗೆಯೇ ಉಳಿಸಿದರೆ ಹಿಂದಿನ ಅಂಕಿಗಳು ಶಾಶ್ವತವಾಗಿ ಹೋಗುತ್ತವೆ. ಹಳೆಯ ದೂರವಾಣಿಗಳ 0821ರ ಮೊದಲ ಸೊನ್ನೆಯೂ ಹೀಗೆಯೇ ಉದುರಿತು. ತೂಕದ ಕಾಲಂನಲ್ಲಿ ಗಿಳಿಗೆ 110 ಎಂದಿತ್ತು, ಗ್ರಾಂ. ಹೊಸದು ಅದನ್ನು ಕಿಲೋ ಎಂದು ಓದಿ ಔಷಧಿಯ ಪ್ರಮಾಣ ಲೆಕ್ಕ ಹಾಕಿಕೊಡಲು ಸಿದ್ಧವಾಗಿತ್ತು.

ದಿನಾಂಕದ ವಿಷಯದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು. ಕಂಪನಿಯ ಉಪಕರಣ ಅಮೆರಿಕದ ಕ್ರಮದಲ್ಲಿ ತಿಂಗಳನ್ನು ಮೊದಲು ಓದುತ್ತಿತ್ತು. ಜೂನ್ 5ರ ಲಸಿಕೆ ಮೇ 6 ಆಯಿತು. 12ರ ನಂತರದ ದಿನಾಂಕಗಳಿಗೆ ಏನೂ ಆಗುವುದಿಲ್ಲ, ಏಕೆಂದರೆ ಹದಿಮೂರನೆಯ ತಿಂಗಳು ಇಲ್ಲ. ನಾವು ಪ್ರತಿ ವರ್ಷ ಸೆಪ್ಟೆಂಬರ್ 28ರಂದು, ಲೂಯಿ ಪಾಶ್ಚರ್ ತೀರಿಕೊಂಡ ದಿನವಾದ ವಿಶ್ವ ರೇಬಿಸ್ ದಿನ, ಉಚಿತ ಲಸಿಕೆ ಶಿಬಿರ ನಡೆಸುತ್ತೇವೆ. ಒಂದೇ ದಿನಾಂಕದಲ್ಲಿ ಅತಿ ಹೆಚ್ಚು ದಾಖಲೆಗಳಿರುವುದು ಆ ದಿನದ್ದು. ಕಂಪನಿಯವರು ಮಾದರಿಗೆ ಎತ್ತಿಕೊಂಡದ್ದೂ ಅದನ್ನೇ. ಎಲ್ಲವೂ ಸರಿಯಾಗಿದೆ ಎಂದು ಬರೆದರು. ನಾಯಿಯೊಂದು ಮಗುವಿಗೆ ಕಚ್ಚಿದ ದಿನ ಮನೆಯವರು ಓಡಿಬಂದು ಕೇಳುವುದು ಒಂದೇ, ಲಸಿಕೆ ಯಾವತ್ತು ಹಾಕಿದ್ದು ಎಂದು. ಆಸ್ಪತ್ರೆಯ ವೈದ್ಯರೂ ಅದನ್ನೇ ಕೇಳುತ್ತಾರೆ, ನಾಯಿಯ ಮೇಲೆ ಹತ್ತು ದಿನ ಕಣ್ಣಿಡಿ ಎನ್ನುತ್ತಾರೆ. ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆನ್ನಬಹುದಾದ ರೋಗ. ಅಲ್ಲಿ 'ಸುಮಾರು ಮೇ ತಿಂಗಳು' ಎಂದು ಹೇಳಲಾಗುವುದಿಲ್ಲ. ಪರಿಹಾರ ಸರಳವಾಗಿತ್ತು: ಡಿಬಿಎಫ್ ಫೈಲು ತನ್ನೊಳಗೆ ದಿನಾಂಕವನ್ನು ವರ್ಷ, ತಿಂಗಳು, ದಿನ ಎಂದು ಎಂಟು ಅಂಕಿಗಳಲ್ಲಿ ನಿಸ್ಸಂದಿಗ್ಧವಾಗಿ ಇಟ್ಟುಕೊಳ್ಳುತ್ತದೆ. ಎಕ್ಸೆಲ್ಲನ್ನು ನಡುವಿನಿಂದ ತೆಗೆದು ನೇರವಾಗಿ ಅದರಿಂದಲೇ ಓದಿಸಿದೆವು. ಹಳೆಯ ಪೆಟ್ಟಿಗೆ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು.

ಮಧ್ಯಾಹ್ನದ ಮೇಲೆ ನಾವು ವರುಣಾ, ನಂಜನಗೂಡಿನ ಕಡೆಯ ಹಳ್ಳಿಗಳಿಗೆ ಹೋಗುತ್ತೇವೆ. ಆ ದನಗಳ ದಾಖಲೆ ಹೊಸ ತಂತ್ರಾಂಶಕ್ಕೆ ಇಂದಿಗೂ ಅರಗಿಲ್ಲ. ಅದು ನಗರದ ನಾಯಿಬೆಕ್ಕುಗಳಿಗಾಗಿ ಹೊರದೇಶದಲ್ಲಿ ತಯಾರಾದದ್ದು. ತಳಿಗಳ ಪಟ್ಟಿಯಲ್ಲಿ ನಾನು ಜೀವಮಾನದಲ್ಲಿ ನೋಡದ ನಾಯಿಗಳಿವೆ, ಮುಧೋಳ ಇಲ್ಲ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ನಾಯಿಗೆ ನಮ್ಮ ಕಾರ್ಡಿನಲ್ಲಿ 'ಇತರೆ' ಎಂಬ ಗತಿ. ಹಳ್ಳಿಕಾರ್, ಮಲೆನಾಡು ಗಿಡ್ಡ ಇರುವುದಂತೂ ದೂರದ ಮಾತು.

ಹಳ್ಳಿಯಲ್ಲಿ ಮನೆಗೊಂದು ಗೌರಿ, ಬೀದಿಗೊಂದು ಲಕ್ಷ್ಮಿ. ಹಿರಿಯರು ಅವನ್ನು ಬೇರ್ಪಡಿಸಿದ್ದು ಟಿಪ್ಪಣಿಯಲ್ಲೇ: 'ಕೆಂದು, ಎಡಗೊಂಬು ಮುರಿದದ್ದು, ಎರಡನೇ ಸೂಲು.' ಹಸು ಕೈ ಬದಲಾಯಿಸುತ್ತದೆ. ಸಾಲ ತೀರಿಸಲು ಮಾರುತ್ತಾರೆ, ಮಗಳ ಮನೆಗೆ ಕೊಡುತ್ತಾರೆ. ಸರ್ಕಾರದ ಭಾರತ್ ಪಶುಧನ್ ವ್ಯವಸ್ಥೆಯಲ್ಲಿ ಗುರುತು ಇರುವುದು ಕಿವಿಯೋಲೆಯ ಸಂಖ್ಯೆಗೆ, ಮಾಲೀಕರು ಬದಲಾದರೂ ಅದು ಹಸುವಿನ ಜೊತೆ ಹೋಗುತ್ತದೆ. ದನದ ಮಟ್ಟಿಗೆ ಅದೇ ಸರಿಯಾದ ಯೋಚನೆ. ನಮ್ಮ ಹೊಸ ತಂತ್ರಾಂಶ ಮೊದಲು ಮಾಲೀಕ, ಅವನ ಕೆಳಗೆ ಪ್ರಾಣಿ ಎಂದು ನಂಬಿದೆ. ಗೌರಿ ಮೂರು ಮನೆ ದಾಟಿದರೆ ಮೂರು ಗೌರಿಯರು. ಒಂದು ಕಾರ್ಡಿನಲ್ಲಿ 'ಇಂಜೆಕ್ಷನ್ ಆಗಿದೆ, 21ಕ್ಕೆ ನೋಡಿ' ಎಂದಿದ್ದುದನ್ನು ತೋರಿಸಿ ಕಂಪನಿಯ ಹುಡುಗ, 'ಇದು ಇಪ್ಪತ್ತೊಂದು ರೂಪಾಯಿಯೇ ಮೇಡಂ?' ಎಂದು ಕೇಳಿದ. ಇಲ್ಲಿ ಇಂಜೆಕ್ಷನ್ ಎಂದರೆ ಕೃತಕ ಗರ್ಭಧಾರಣೆ, ಹಸು ಗಬ್ಬ ನಿಲ್ಲದಿದ್ದರೆ ಸುಮಾರು 21 ದಿನಕ್ಕೆ ಮತ್ತೆ ಬೆದೆಗೆ ಬರುತ್ತದೆ ಎಂದು ವಿವರಿಸಿದೆ. ಅವನು ನಾಚಿಕೊಂಡು ಬರೆದುಕೊಂಡ. ಒಳ್ಳೆಯ ಹುಡುಗ, ಮುಂದೆ ಯಾವ ಸಂಖ್ಯೆಯನ್ನೂ ಕೇಳದೆ ಮುಟ್ಟಲಿಲ್ಲ.

ಕೊನೆಗೆ ಬಾಕಿ. ಹೊಸದರಲ್ಲಿ ಪ್ರತಿ ಗ್ರಾಹಕರಿಗೂ ಆರಂಭದ ಬಾಕಿ ಎಷ್ಟೆಂದು ತುಂಬಬೇಕು. ಹಳೆಯದರಲ್ಲಿ ಅದರ ಮೊತ್ತ ನೋಡಿ ನನಗೆ ಗಾಬರಿಯಾಯಿತು. ಹಿರಿಯರ ಜೊತೆ ಕುಳಿತು ಪಟ್ಟಿ ಓದತೊಡಗಿದೆ. ಕೆಚ್ಚಲುಬಾವಿಗೆ ವಾರಗಟ್ಟಲೆ ಚಿಕಿತ್ಸೆ ಮಾಡಿದ್ದ ಒಂದು ಮನೆಯ ಹೆಸರು ಬಂದಾಗ ಅವರು, 'ಅವರ ಹಸುವೇ ಹೋಯಿತಲ್ಲಮ್ಮ, ಬಾಕಿ ಎಲ್ಲಿಂದ ಬಂತು?' ಎಂದರು. ಸೊನ್ನೆ ಹಾಕಿದೆ. ಮುಂದಿನದು, ಅದರ ಮುಂದಿನದು, ಸೊನ್ನೆ. ಕಾರಿನಲ್ಲಿ ಬಂದು ನಾಯಿ ಆಹಾರದ ಚೀಲ ಹೊತ್ತು ಹೋಗಿ ದುಡ್ಡು ಮರೆತವರ ಹೆಸರು ಬಂದಾಗ ಮಾತ್ರ ಕನ್ನಡಕ ತೆಗೆದು ಒರೆಸಿಕೊಂಡು, 'ಇದು ಇರಲಿ' ಎಂದರು. ಲೆಕ್ಕಪರಿಶೋಧಕರಿಗೂ ಇದರಲ್ಲಿ ಒಂದು ಅನುಕೂಲವಾಯಿತು. ಪ್ರಾಣಿಗಳ ಚಿಕಿತ್ಸಾ ಸೇವೆಗೆ ಜಿಎಸ್‌ಟಿ ಇಲ್ಲ, ಮಾರುವ ಆಹಾರಕ್ಕೆ ಇದೆ. ಹಳೆಯ ಪ್ರೋಗ್ರಾಂ ಎರಡನ್ನೂ ಕೂಡಿ ಒಂದೇ ಮೊತ್ತ ಬರೆಯುತ್ತಿತ್ತು. ಉಳಿದ ಬಾಕಿಯೆಲ್ಲ ಆಹಾರದ್ದೇ ಆದ್ದರಿಂದ ಬೇರ್ಪಡಿಸುವ ತಲೆನೋವು ಇರಲಿಲ್ಲ.

ಕೆಲವನ್ನು ಸಾಗಿಸಲೇ ಇಲ್ಲ. ಅರಿವಳಿಕೆಗೆ ಬಳಸುವ ಕೆಟಮಿನ್ ನಮ್ಮಲ್ಲಿ ಶೆಡ್ಯೂಲ್ ಎಕ್ಸ್, ಅಂದರೆ ಕಟ್ಟುನಿಟ್ಟಾಗಿ ಲೆಕ್ಕ ಇಡಬೇಕಾದ ಔಷಧಿ. ಅದರ ಲೆಕ್ಕ ಮೊದಲಿನಂತೆ ಬೀಗದ ಕಪಾಟಿನಲ್ಲಿ, ಕೈಬರಹದ ರಿಜಿಸ್ಟರಿನಲ್ಲಿ. ಎಕ್ಸ್‌ರೇಗಳ ವಿಷಯದಲ್ಲಿ ಡೇಟಾಬೇಸಿನಲ್ಲಿ ಇದ್ದದ್ದು ಚಿತ್ರವಲ್ಲ, ಡಿ ಡ್ರೈವಿನಲ್ಲಿ ಅದು ಎಲ್ಲಿದೆ ಎಂಬ ವಿಳಾಸ ಮಾತ್ರ. ಆ ಡ್ರೈವನ್ನು ಹಾಗೆಯೇ ಇಟ್ಟಿದ್ದೇವೆ. ಹಳೆಯ ಕಂಪ್ಯೂಟರನ್ನೂ ಗುಜರಿಗೆ ಹಾಕಿಲ್ಲ. ನೆಟ್ ಸಂಪರ್ಕ ಕಿತ್ತು, ಓದಲಷ್ಟೇ ಬರುವಂತೆ ಮಾಡಿ, ಒಳಕೋಣೆಗೆ ಸರಿಸಿದ್ದೇವೆ. ಹಿರಿಯರು ಕೆಲವೊಮ್ಮೆ ಅಲ್ಲಿಗೇ ಹೋಗಿ ಹುಡುಕುತ್ತಾರೆ, ಹೊಸದಕ್ಕಿಂತ ಬೇಗ ಸಿಗುತ್ತದಂತೆ.

ಸಹಿ ಹಾಕುವ ಮುನ್ನ ಹೊಸ ಕಂಪನಿಯವರನ್ನು ನಾನು ಹೆಚ್ಚು ಕಾಡಿದ್ದು ಒಂದೇ ವಿಷಯಕ್ಕೆ: ನಾಳೆ ನಾವು ನಿಮ್ಮನ್ನೂ ಬಿಟ್ಟು ಹೋಗುವುದಾದರೆ ನಮ್ಮ ದಾಖಲೆಗಳು ಯಾವ ರೂಪದಲ್ಲಿ ಸಿಗುತ್ತವೆ? ಮಾರಾಟದವರಿಗೆ ಈ ಪ್ರಶ್ನೆ ಅಷ್ಟು ಇಷ್ಟವಾಗುವುದಿಲ್ಲ, ಆದರೂ ಒಪ್ಪಂದದಲ್ಲಿ ಒಂದು ಕಲಂ ಬರೆಸಿಕೊಂಡೆವು. ಟಿಪ್ಪಣಿ, ಚಿತ್ರ ಎಲ್ಲವೂ ಸೇರಿದ ಪೂರ್ಣ ಪ್ರತಿ ತಿಂಗಳಿಗೊಮ್ಮೆ ನಮ್ಮ ಕೈಗೆ ಬರಬೇಕು. ಮೊದಲನೆಯದು ಬಂದಾಗ ನೇರವಾಗಿ ಟಿಪ್ಪಣಿಗಳನ್ನು ತೆರೆದೆ. 'ಗರ್ಭ' ಗರ್ಭವಾಗಿಯೇ ಇತ್ತು, ಕಿವಿಯೋಲೆಯ 12 ಅಂಕಿಗಳೂ ಇದ್ದವು. ದಿನಾಂಕ ಮತ್ತೆ ಅಮೆರಿಕದ ಕ್ರಮದಲ್ಲಿತ್ತು. ಪತ್ರ ಬರೆದಿದ್ದೇನೆ.